ಅಬ್ಬಾ ಕೊಯ್ದಿಟ್ಟ ಗಾಜು

ನಾನು ಪಿಎಚ್‌ಡಿ ಮಾಡುವುದು ಆಗದ ಮಾತು ಎಂದವರು ನನ್ನ ಚಾಚಾ, ಅಬ್ಬಾನ ತಮ್ಮ. ತರೀಕೆರೆಯ ನಮ್ಮ ಫೋಟೋ ಫ್ರೇಮ್ ಅಂಗಡಿಯಲ್ಲಿ, ಅಜ್ಜಂಪುರದಿಂದ ಬಂದಿದ್ದ ಗಿರಾಕಿಯ ಎದುರಿಗೇ ಅಂದರು.

"ಗಾಜು ಕೊಯ್ಯೋರ ಮನೇಲಿ ಡಾಕ್ಟ್ರಂತೆ ಕಣ್ರೀ! ಅದೂ ಸೂಜಿ ಹಾಕಕ್ಕೆ ಬರದ ಡಾಕ್ಟ್ರು!"

ಗಿರಾಕಿ ನಕ್ಕರು. ಅಬ್ಬಾ ನನ್ನ ಎಂ.ಎಸ್ಸಿ. ಸರ್ಟಿಫಿಕೇಟಿನ ಅಳತೆ ಹಿಡಿದು ಒಂದು ಗಾಜು ಕೊಯ್ದರು. ಪೇಪರಿನಲ್ಲಿ ಸುತ್ತಿ ಮೇಲಿನ ಹಲಗೆಗಿಟ್ಟರು. "ಪಿಎಚ್‌ಡೀದು ಬಂದಾಗ ಇದೇ ಹಾಕೋದು. ಯಾರೂ ಮುಟ್ಬೇಡಿ."

ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು. ಸಂಕೋಚವಿಲ್ಲದೆ ಬರೆಯುತ್ತೇನೆ.

ನನ್ನ ಕೆಲಸ ಇಷ್ಟೇ: ಎರಡು ಬಗೆಯ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿ ಬೆಳಕು ಬಿಡುವುದು. ಪದರಗಳ ಕ್ರಮಕ್ಕೊಂದು ಲೆಕ್ಕ: ಹಿಂದಿನ ಎರಡು ಸಾಲು ಸೇರಿಸಿದರೆ ಮುಂದಿನ ಸಾಲು. ನಿಯಮವಿದೆ, ಆದರೆ ಒಂದೇ ವರಸೆ ಮತ್ತೆ ಮತ್ತೆ ಸುತ್ತಿ ಬರುವುದಿಲ್ಲ. ಅಂಥ ಜೋಡಣೆಯಲ್ಲಿ ಕೆಲವು ಬಣ್ಣದ ಬೆಳಕು ಒಳಗೆ ಹರಡದೆ ಅಂಚಿನಲ್ಲೇ ನಿಲ್ಲುತ್ತದೆ. ಹೇಳಿದಾಗ ಅಬ್ಬಾ ಒಂದು ಗಾಜಿನ ಚೂರನ್ನು ಅಡ್ಡ ಹಿಡಿದು ಹಸಿರು ಅಂಚು ತೋರಿಸಿದ್ದರು.

"ಗಾಜಿನ ಬಣ್ಣ ಅಂಚಲ್ಲೇ ಇರೋದು ಬೇಟಿ. ಇಷ್ಟಕ್ಕೆ ಐದು ವರ್ಷ ಬೇಕಾ?"

ಇದು ಬೇರೆ, ಅಬ್ಬಾ, ಎಂದೆ. ಬಿಡಿಸಿ ಹೇಳಲಿಲ್ಲ.

ಕೊನೆಯ ಸ್ಯಾಂಪಲ್ ಬಾಕಿಯಿದ್ದಾಗ ಅಬ್ಬಾ ತೀರಿಕೊಂಡರು. ಕಡೂರಿನಲ್ಲಿ ರೈಲಿಳಿದು ಬಸ್ಸು ಹತ್ತಿ ಬಂದೆ. ನಾಲ್ಕು ದಿನ ಇದ್ದು ಹೋದೆ. ಅಳು ಬರಲಿಲ್ಲ. ಲ್ಯಾಬಿನಲ್ಲಿ ಯಂತ್ರಕ್ಕೆ ಪದರಗಳ ಕ್ರಮ ಬರೆದುಕೊಡುವಾಗ ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿದೆ. ಗೊತ್ತಾಗುವಷ್ಟರಲ್ಲಿ ಸ್ಯಾಂಪಲ್ ತಯಾರಾಗಿತ್ತು. ಮತ್ತೊಂದಕ್ಕೆ ಯಂತ್ರ ಸಿಗುವಂತಿರಲಿಲ್ಲ. ಬೆಳಕು ಅಂಚು ಬಿಟ್ಟರೆ ನನ್ನ ಥೀಸಿಸ್ ಅಲ್ಲಿಗೇ ಮುಗಿಯಿತು.

ಅಳೆದೆ. ಬೆಳಕು ಅಂಚಿನಲ್ಲೇ ಇತ್ತು.

"ತಪ್ಪು ಮಾಡಿದ್ದೇ ಒಳ್ಳೇದಾಯ್ತಲ್ಲಮ್ಮ! ಇಷ್ಟು ಏರುಪೇರಾದ್ರೂ ಜಗ್ಗಲ್ಲ ಅಂತ ತೋರಿಸ್ದಂಗಾಯ್ತು," ಎಂದರು ಗೈಡ್. ಹೌದು ಸರ್, ಎಂದೆ. ಹೋಗಿ ಟಿಫಿನ್ ಡಬ್ಬಿ ತೊಳೆದೆ.

ಘಟಿಕೋತ್ಸವ ಮುಗಿಸಿ ನೇರ ಅಂಗಡಿಗೆ ಬಂದು ಸರ್ಟಿಫಿಕೇಟನ್ನು ಚಾಚಾ ಕೈಗೆ ಕೊಟ್ಟೆ. ಅವರು ಓದಲಿಲ್ಲ. ಸ್ಟೂಲ್ ಹತ್ತಿ, ಹಲಗೆಯ ಮೇಲಿನ ಗಾಜು ಇಳಿಸಿ, ಪೇಪರ್ ಬಿಚ್ಚಿ ಅದರ ಮೇಲಿಟ್ಟರು. ಎಂ.ಎಸ್ಸಿ.ಯದಕ್ಕಿಂತ ಇದು ಉದ್ದ. ಗಾಜು ಅರ್ಧ ಇಂಚು ಕಡಿಮೆ ಬಿತ್ತು.

"ಬೇರೆ ಗಾಜು ಹಾಕಿ ಚಾಚಾ."

ಚಾಚಾ ಗಾಜಿನ ಧೂಳು ಒರೆಸಿದರು.

"ಸರ್ಟಿಫಿಕೇಟ್ ಅಂಚು ಮಡಚ್ತೀನಿ ಬೇಟಿ. ಭಾಯಿ ಕೊಯ್ದಿರೋ ಗಾಜು ಬದಲಾಯ್ಸಲ್ಲ."