ಕಾಕಾನ ಫಟಫಟಿ ಚಾಲೂ ಆಗದ ದಿನ

ಕಾಕಾನ ಎರಡು ಕೈಗಳು ಒಬ್ಬನೇ ಮನುಷ್ಯನವು ಅನ್ನಿಸುತ್ತಿರಲಿಲ್ಲ. ಎಡಗೈ ಬೆರಳುಗಳಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಹತ್ತಿರುತ್ತಿತ್ತು, ಬಲಗೈ ಉಗುರುಗಳ ಸಂದಿಯಲ್ಲಿ ಇಂಜಿನ್ನಿನ ಕರಿ ಎಣ್ಣೆ. ಮಗ್ಗಕ್ಕೆ ಕೂಡುವ ಮೊದಲು ಬಲಗೈಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆಯುತ್ತಿದ್ದ. ಆದರೂ ಅಜ್ಜಿ, "ಆ ಕೈಲೆ ರೊಟ್ಟಿ ಬುಟ್ಟಿ ಮುಟ್ಟಬ್ಯಾಡೋ, ನಾತ ಹೊಡಿತೈತಿ" ಎಂದು ಬೈಯುತ್ತಿದ್ದಳು.

ಅವನು ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಇಳಕಲ್ಲಿನ ನೇಕಾರರ ಓಣಿಯಲ್ಲಿ ನಮ್ಮದೊಂದು ಮನೆ, ಅದರಲ್ಲಿ ಎರಡು ಮಗ್ಗ, ಒಂದು ಅಪ್ಪನದು, ಒಂದು ಕಾಕಾನದು. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಆಗ ಫಟಫಟಿ ಎಂದೇ ಹೆಸರು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಕಾ ಬೆಳಗಾವಿಗೆ ಹೋಗಿ, ಮಹಾಯುದ್ಧದಲ್ಲಿ ಓಡಾಡಿ ಸತ್ತಿದ್ದ ಲಷ್ಕರದ ಫಟಫಟಿಯೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಚೌಕಟ್ಟು ಒಂದು ಕಡೆ, ಉಳಿದದ್ದೆಲ್ಲ ಗೋಣಿಚೀಲದಲ್ಲಿ. ಅಪ್ಪ ಹಣೆ ಹಣೆ ಬಡಿದುಕೊಂಡ. "ಹೆಣ್ಣ ನೋಡಾಕ ಹೋಗೋ ಅಂದ್ರ ಹೆಣಾ ಹೊತ್ಕೊಂಡ ಬಂದಾನ!"

ಆ ಹೆಣಕ್ಕೆ ಜೀವ ಬರಲು ವರ್ಷವೇ ಹಿಡಿಯಿತು. ನಾನಾಗ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ. ಪಡಸಾಲೆಯಲ್ಲಿ ಅವನು ಒಂದೊಂದೇ ಭಾಗವನ್ನು ತಿಕ್ಕಿ ಜೋಡಿಸುತ್ತಿದ್ದರೆ ಎದುರಿಗೆ ನನ್ನ ಪುಸ್ತಕ. ಎಲ್ಲ ಕೂಡಿಸಿದ ಮೇಲೂ ಅದು ಚಾಲೂ ಆಗಲೊಲ್ಲದು. ಕಿಕ್ ಹೊಡೆದು ಹೊಡೆದು ಕಾಕಾನ ಪಾದ ಬಾತಿತು. "ಅದಕ್ಕೊಂದು ಎತ್ತು ಹೂಡೋ" ಎಂದು ಓಣಿಯವರು ನಕ್ಕರು. ಕಾಕಾ ಸಿಟ್ಟಾಗಲಿಲ್ಲ. ನನ್ನನ್ನು ಹತ್ತಿರ ಕರೆದ.

"ಚಾಲೂ ಆಗಲಿಲ್ಲಂತ ಬೈಬಾರದು ಯವ್ವಾ, ಕೇಳಬೇಕು. ಕಿಡಿ ಬರ್ತೈತೇನು? ಎಣ್ಣಿ ಬರ್ತೈತೇನು? ಹೊಗಿ ಹೋಗಾಕ ದಾರಿ ಐತೇನು? ಈ ಮೂರರಾಗ ಒಂದು ಸುಳ್ಳ ಹೇಳತಿರತೈತಿ."

ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದಾಗ ನೀಲಿ ಕಿಡಿ ಹಾರಿತು. ಪ್ಲಗ್ಗಿನ ತುದಿ ಎಣ್ಣೆ ಬೆರೆಸಿದ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಇನ್ನು ಉಳಿದದ್ದು ಹೊಗೆಯ ದಾರಿ. ಸೈಲೆನ್ಸರಿನ ಬಾಯಿಗೆ ನಾನೇ ಒಂದು ಕಡ್ಡಿ ತೂರಿಸಿದೆ. ಅರ್ಧಕ್ಕೇ ನಿಂತಿತು. ಒಳಗೆ ಯುದ್ಧಕಾಲದ ಮಸಿ ಗಟ್ಟಿಯಾಗಿ ಕೂತಿತ್ತು. ಕೊಳವೆಯನ್ನು ಬಿಚ್ಚಿ ಒಲೆಯ ಕೆಂಡದಲ್ಲಿಟ್ಟು ಸುಟ್ಟು, ಬಡಿದು ಉದುರಿಸಿದೆವು. ಆಮೇಲೆ ಫಟಫಟಿ ಇಡೀ ಓಣಿಯನ್ನು ಹೊಗೆಯಲ್ಲಿ ಮುಳುಗಿಸಿತು. "ನಾ ಅಲ್ಲ, ನಮ್ಮ ಹುಡುಗಿ ಹುಡುಕಿದ್ಲು" ಎಂದು ಕಾಕಾ ಕಂಡಕಂಡವರಿಗೆಲ್ಲ ಹೇಳಿದ. ಆ ಮನೆಯಲ್ಲಿ ನನ್ನನ್ನು ಹಾಗೆ ಹೊಗಳಿದವರು ಬೇರೆ ಯಾರೂ ಇಲ್ಲ.

ಮುಲ್ಕಿ ಪಾಸಾದೆ. ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರು ಮನೆಗೇ ಬಂದು, ನನ್ನನ್ನು ಶಿಕ್ಷಕಿಯರ ತರಬೇತಿಗೆ ಕಳಿಸಬೇಕೆಂದು ಅಪ್ಪನಿಗೆ ಹೇಳಿದರು. ಅಪ್ಪನಿಗೆ ಮನಸ್ಸಿರಲಿಲ್ಲ. ಬಾದಾಮಿ ಕಡೆಯ ಸಂಬಂಧವೊಂದು ಆಗಲೇ ಬಂದಿತ್ತು. ಆದರೂ ಅಕ್ಕೋರ ಮುಂದೆ ಇಲ್ಲವೆನ್ನಲಾಗದೆ ಹೂಂ ಅಂದುಬಿಟ್ಟ. ಬಾಗಲಕೋಟೆಯಲ್ಲಿ ಹುಡುಗಿಯರನ್ನು ಆರಿಸುವುದು ಒಂದೇ ದಿನ. ಅಂದು ಮುಖ ತೋರಿಸದವರು ಆಸೆ ಬಿಡಬೇಕು. ನಾನು ಅಜ್ಜಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋಗುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

"ಬಸ್ ಯಾಕ ಯವ್ವಾ? ಹಾದ್ಯಾಗ ಎಲ್ಲೋ ಕೆಟ್ಟ ನಿಂದರತೈತಿ ಅದು. ನನ್ನ ಫಟಫಟಿ ಮ್ಯಾಲೆ ಕುಂದರು. ಹುನಗುಂದ ದಾಟಿದ್ದು ನಿನಗ ಗೊತ್ತ ಆಗೂದಿಲ್ಲ, ಹಂಗ ಮುಟ್ಟಿಸ್ತೇನಿ" ಎಂದ ಕಾಕಾ.

ಇಳಕಲ್ಲಿನ ಯಾವ ಹುಡುಗಿ ಫಟಫಟಿ ಏರಿ ಬಾಗಲಕೋಟೆಗೆ ಹೋಗಿದ್ದಳು! ಅಂದು ಬೆಳಿಗ್ಗೆ ಬಸ್ಸು ನಮ್ಮ ಓಣಿಯ ಬಾಯಿಯಲ್ಲೇ ಹಾರ್ನ್ ಹೊಡೆದುಕೊಂಡು ಹೋಯಿತು. ಹೊಸ ಸೀರೆ ಉಟ್ಟಿದ್ದ ನಾನು ಅದನ್ನು ಜಂಬದಿಂದ ನೋಡುತ್ತ ನಿಂತಿದ್ದೆ.

ಆಮೇಲೆ ಕಾಕಾ ಕಿಕ್ ಹೊಡೆಯತೊಡಗಿದ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ. ಪ್ಲಗ್ ಬಿಚ್ಚಿ ನನ್ನ ಕೈಗೇ ಕೊಟ್ಟ. ಕಿಡಿ ಇತ್ತು. ಪೆಟ್ರೋಲೂ ಬರುತ್ತಿತ್ತು.

"ಹೊಗಿ ಹೋಗೂ ದಾರಿ ನೋಡೋಣೇನು ಕಾಕಾ?" ಎಂದೆ.

"ಸೈಲೆನ್ಸರ್ ನಿನ್ನೆನ ಸ್ವಚ್ಛ ಮಾಡೇನಿ. ಅದರಾಗ ಏನಿಲ್ಲ ತಗಿ" ಎಂದ, ನನ್ನ ಮುಖ ನೋಡದೆ.

ನಂಬಿದೆ. ಕಲಿಸಿದವನೇ ಹೇಳಿದ ಮೇಲೆ ಕಡ್ಡಿ ಹಾಕಿ ನೋಡುವುದೇ? ಮುಂದಿನ ಬಸ್ಸು ಇದ್ದದ್ದು ಮಧ್ಯಾಹ್ನಕ್ಕೆ. ಅದು ಬಾಗಲಕೋಟೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಬಾಗಲಕೋಟೆಯ ಹೊತ್ತು ಮೀರಿದ ಮೇಲೆ ಮನೆಮಂದಿ ಊಟಕ್ಕೆ ಕೂತರು. ನಾನು ಹೊಸ ಸೀರೆಯಲ್ಲೇ ಫಟಫಟಿಯ ಪಕ್ಕ ನೆಲಕ್ಕೆ ಕುಸಿದಿದ್ದೆ. ಆಗ ಕಂಡಿತು: ಸೈಲೆನ್ಸರಿನ ಬಾಯಿಂದ ಒಂದು ಕೆಂಪು ಎಳೆ ಇಣುಕುತ್ತಿತ್ತು. ಹಿಡಿದು ಎಳೆದೆ. ಸೆರಗು ನೇಯ್ದು ಉಳಿದ ನೂಲಿನ ತುಂಡುಗಳನ್ನು ಬಿಗಿದು ಕಟ್ಟಿ ತುರುಕಿದ್ದ ಉಂಡೆಯೊಂದು ಹೊರಗೆ ಬಂತು. ನಮ್ಮ ಓಣಿಯಲ್ಲಿ ಗಂಟು ನೋಡಿದರೆ ಸಾಕು, ಹಾಕಿದವನು ಯಾರೆಂದು ಹೇಳುತ್ತಿದ್ದರು. ಎಡಗೈಯಿಂದ ಗಂಟು ಹಾಕುತ್ತಿದ್ದವನು ಕಾಕಾ ಒಬ್ಬನೇ. ನೂಲಿನ ಉಂಡೆ ಕಟ್ಟುವಾಗ ಅದನ್ನು ಮತ್ತೆ ಎಳೆದು ತೆಗೆಯಲೊಂದು ಎಳೆ ಬಿಡುವುದು ಅವನ ಕೈಗೆ ಹತ್ತಿದ ರೂಢಿ. ನನಗೆ ಮೋಸ ಮಾಡುವಾಗಲೂ ಆ ಕೈ ರೂಢಿ ಬಿಡಲಿಲ್ಲ. ನನ್ನದು ಹಾಳಾಗಿ ಹೋಗಲಿ, ಫಟಫಟಿಗೆ ಧಕ್ಕೆಯಾಗಬಾರದಲ್ಲ!

ಸೀರೆ ಎತ್ತಿ ಸಿಕ್ಕಿಸಿ ಕಿಕ್ ಹೊಡೆದೆ. ಫಟಫಟಿ ಚಾಲೂ ಆಯಿತು.

ತೆರೆದ ಬಾಗಿಲಿನಿಂದ ಎಲ್ಲರೂ ಕಾಣುತ್ತಿದ್ದರು. ಕಾಕಾನ ಕೈ ತಾಟಿನ ಮೇಲೆಯೇ ನಿಂತಿತ್ತು. ಅಪ್ಪ ತಲೆ ಎತ್ತಲಿಲ್ಲ, ಅವ್ವ ಒಲೆಯ ಕಡೆ ತಿರುಗಿದಳು. ಚಾಲೂ ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ. ಆ ಮನೆಯಲ್ಲಿ ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ ಎಂದು ಆಗ ತಿಳಿಯಿತು.

ಸಂಜೆ ಹಿತ್ತಲಲ್ಲಿ ಕಾಕಾ ಬಾಯಿ ಬಿಟ್ಟ. "ಹುಡುಗಿ ಬಾಗಲಕೋಟಿಗೆ ಹ್ವಾದ್ರ ನಿನ್ನ ಫಟಫಟಿನೂ ಮನಿ ಬಿಟ್ಟು ಹೋಗತೈತಿ ಅಂದಾ ನಿಮ್ಮಪ್ಪ. ನಾ ಏನ ಮಾಡ್ಲಿ ಯವ್ವಾ?"

"ನಾ ಒಯ್ಯೂದಿಲ್ಲ ಅಂದಿದ್ರ ಸಾಕಾಗಿತ್ತು ಕಾಕಾ. ನಾ ಬಸ್ಸಿಗೆ ಹೋಗತಿದ್ನಿ."

ಇವತ್ತಿಗೂ ನಾನು ಮರೆಯಲಾರದ್ದು ಅದೇ. ತಡೆದದ್ದು ಅಪ್ಪ, ಅಪ್ಪ ತಡೆಯುವವನೇ. ಆದರೆ ಕಾಕಾ ನನ್ನನ್ನು ನಗಿಸಿ, ಮುದ್ದಾಗಿ ಮಾತಾಡಿ, ಬಸ್ಸು ಬಿಡಿಸಿದ.

ಆ ಬೇಸಿಗೆಯಲ್ಲೇ ಮದುವೆಯಾಗಿ ಬಾದಾಮಿ ಬಳಿಯ ಚೊಳಚಗುಡ್ಡಕ್ಕೆ ಬಂದೆ. ಗಂಡನ ಮನೆಯವರು ಒಳ್ಳೆಯವರು, ಆ ಮಾತು ಬೇರೆ. ತವರಿಗೆ ಕರೆದೊಯ್ಯಲು ಕಾಕಾ ಫಟಫಟಿ ತಂದಾಗಲೆಲ್ಲ ನಾನು ಬಸ್ಸನ್ನೇ ಹತ್ತುತ್ತಿದ್ದೆ. ಅವನು ಹಿಂದಿನಿಂದ ಹೊಗೆ ಬಿಡುತ್ತ ಇಳಕಲ್ಲಿನವರೆಗೂ ಬರುತ್ತಿದ್ದ.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಸುದ್ದಿ ಬಂದಾಗ ಅತ್ತುಬಿಟ್ಟೆ, ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಹೊಲಿಗೆ ಯಂತ್ರ ಕೆಟ್ಟರೆ, ಪಂಪು ನಿಂತರೆ, ಈಗಲೂ ಬೈಯದೆ ಒಂದೊಂದಾಗಿ ಕೇಳಿ ಸರಿಪಡಿಸುತ್ತೇನೆ. ಆ ಋಣ ಖರೆ. ಇನ್ನೊಬ್ಬರು ನೋಡಿದ್ದೇನೆ ಅಂದರೂ ನಂಬದೆ ನಾನೇ ಕಡ್ಡಿ ಹಾಕಿ ನೋಡುತ್ತೇನೆ. ಅದನ್ನು ಕಲಿಸಿದವನೂ ಅವನೇ.

ಅವನು ಸಾಯುವ ಹಿಂದಿನ ವರ್ಷ ನನ್ನ ಮಗಳು ಅದೇ ತರಬೇತಿಗೆ ಹೊರಟಳು. ಯಾರು ಹೇಳಿದ್ದರೋ, ನಾವು ಬಾದಾಮಿಯ ಬಸ್ ನಿಲ್ದಾಣ ಮುಟ್ಟುವ ಮೊದಲೇ ಕಾಕಾ ಬಂದು, ಕಿಟಕಿಯಿಂದ ಟವೆಲ್ ಹಾಕಿ ಅವಳಿಗೊಂದು ಸೀಟು ಹಿಡಿದಿದ್ದ. "ನೀ ಮನಿಗೆ ಹೋಗ ಯವ್ವಾ. ಬಸ್ ಹೊಂಡೂತನಕ ನಾ ಇಲ್ಲೇ ನಿಂದರತೇನಿ" ಎಂದ. ನಾನು ಹೋಗಲಿಲ್ಲ. ಬಣ್ಣವೂ ಹೋಗಿ ಎಣ್ಣೆಯೂ ಹೋಗಿ ಅವನ ಕೈಗಳು ಬಿಳಿಚಿಕೊಂಡಿದ್ದವು. ಮಗಳು ಕಿಟಕಿಯಿಂದ ಕೈ ಬೀಸಿದ್ದಳಂತೆ. ನನಗೆ ಗೊತ್ತಿಲ್ಲ. ಬಸ್ಸು ಚಾಲೂ ಆಗಿ ತಿರುವು ದಾಟುವವರೆಗೂ ನಾನು ಕಾಕಾನ ಕೈಗಳನ್ನೇ ನೋಡುತ್ತ ನಿಂತಿದ್ದೆ.