ಕುಟ್ಟಾಣಿಯಲ್ಲಿ ನೀಲಕಂಠ

ಯಾವ ಬಣ್ಣ ತೋರಿಸಿದರೂ ಅದೇ ಶೇಡ್ ಕಲಸಿ ಕೊಡುತ್ತೇನೆ ಎಂಬ ಜಂಬ ನನಗೆ. ಬಹ್ರೇನಿನ ಸೀಫ್‌ನಲ್ಲಿರುವ ನಮ್ಮ ಪೇಂಟ್ ಅಂಗಡಿಗೆ ಒಂದು ದಿನ ವಯಸ್ಸಾದ ಬಹ್ರೇನಿ ಹೆಂಗಸೊಬ್ಬರು ನೀಲಕಂಠ ಹಕ್ಕಿಯ ಗರಿ ಹಿಡಿದುಕೊಂಡು ಬಂದರು. ಬುದಯ್ಯ ಎಂಬ ಊರಿನಲ್ಲಿರುವ ತಮ್ಮ ತೋಟದ ಗೇಟಿಗೆ ಅದೇ ನೀಲಿ ಬೇಕಂತೆ.

“ಕೂತಾಗ ಮಣ್ಣಿನ ಮುದ್ದೆ, ರೆಕ್ಕೆ ಬಿಚ್ಚಿದರೆ ಆಕಾಶ,” ಎಂದರು ಹಿಂದಿಯಲ್ಲಿ. “ಮೂರು ತಿಂಗಳು ಕಾದು ಸಿಕ್ಕಿದ ಗರಿ. ಜೋಪಾನ.”

“ಮಾಫಿ ಮುಶ್ಕಿಲ್ ಮೇಡಂ, ಏನೂ ತೊಂದರೆಯಿಲ್ಲ. ನಾಳೆ ಬನ್ನಿ,” ಎಂದೆ.

ಬಣ್ಣ ಅಳೆಯುವ ಶೇಡ್ ಮೆಷಿನ್ನಿಗೆ ಹಿಡಿದರೆ ಗರಿ ಒಂದೊಂದು ಸಲ ಒಂದೊಂದು ನೀಲಿ ತೋರಿಸಿತು. ನನಗೆ ರೇಗಿತು. ಪುಡಿ ಮಾಡಿದರೆ ನಿಜವಾದ ಬಣ್ಣ ಸಿಕ್ಕೇ ಸಿಗುತ್ತದೆ ಎಂದು ಅದನ್ನು ಸಣ್ಣಗೆ ಕತ್ತರಿಸಿ, ಚಹಾಕ್ಕೆ ಶುಂಠಿ ಜಜ್ಜುವ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದೆ. ಕುಟ್ಟಿದಷ್ಟೂ ನೀಲಿ ಮಾಯವಾಗಿ, ಕೊನೆಗೆ ನಶ್ಯದಂಥ ಕಂದು ಪುಡಿ ಉಳಿಯಿತು. ಆ ನೀಲಿ ಗರಿಗೆ ಬಳಿದ ಬಣ್ಣವಲ್ಲ, ಗರಿಯೊಳಗೆ ಬೆಳಕು ಆಡುವ ಆಟ ಎಂದು ಫೋನಿನಲ್ಲಿ ಓದಿ ತಿಳಿದುಕೊಂಡದ್ದು ಆಮೇಲೆ.

ಮರುದಿನ ಪುಡಿಯ ಪೊಟ್ಟಣವನ್ನು ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಪೊಟ್ಟಣವನ್ನು ನೋಡಿದರು, ನನ್ನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ಇದೇ ಬಣ್ಣ ಕಲಸು,” ಎಂದರು. “ನೀಲಿಯನ್ನು ಹಕ್ಕಿಯೇ ತರಲಿ.”

ಈಗ ಆ ಕಂದು ಗೇಟಿನ ಮೇಲೆ ದಿನಾ ಬೆಳಿಗ್ಗೆ ನೀಲಕಂಠ ಬಂದು ಕೂರುತ್ತದಂತೆ. ಅಂಗಡಿಯವರು ಆ ಶೇಡಿಗೆ ನನ್ನ ಹೆಸರೇ ಇಟ್ಟಿದ್ದಾರೆ. ನಾನು ಮಾಡಿದ ಶುಂಠಿ ಚಹಾವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.