ಅಜ್ಜಂಪುರದ ಎರಡು ಸ್ಪೋರ್ಟ್ಸ್ ಕಾರುಗಳು

1979ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಮೋಟಾರು ವಾಹನ ನಿರೀಕ್ಷಕ. ಜನರ ಬಾಯಲ್ಲಿ 'ಬ್ರೇಕ್ ಇನ್‌ಸ್ಪೆಕ್ಟರ್'. ಕಡೂರು, ತರೀಕೆರೆಗಳಲ್ಲಿ ಕ್ಯಾಂಪ್ ಮಾಡಿ ಲಾರಿ, ಟ್ರ್ಯಾಕ್ಟರು ನೋಡುವುದೇ ಕೆಲಸ. ಅಂಥದ್ದರಲ್ಲಿ ಒಂದು ದಿನ ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರ ಅರ್ಜಿ ಬಂತು: ತೀರಿಕೊಂಡ ತಂದೆಯ ಎರಡು ಸ್ಪೋರ್ಟ್ಸ್ ಕಾರುಗಳು ತಮ್ಮ ಹೆಸರಿಗೆ ಆಗಬೇಕು.

ಅಜ್ಜಂಪುರದಲ್ಲಿ ಸ್ಪೋರ್ಟ್ಸ್ ಕಾರು! ಓದುವಾಗಲೇ ನನಗೆ ಅನುಮಾನ. ಕದ್ದ ಗಾಡಿಯ ನಂಬರ್ ಅಳಿಸಿ, ಗುಜರಿಗೆ ಹೋದ ಗಾಡಿಯ ಆರ್.ಸಿ. ಪುಸ್ತಕ ಜೋಡಿಸುವವರನ್ನು ಕಂಡಿದ್ದವನು ನಾನು.

ಕೊಬ್ಬರಿ ಗೋದಾಮಿನಲ್ಲಿ ಎರಡೂ ಪಕ್ಕಪಕ್ಕ ನಿಂತಿದ್ದವು. ಒಂದು 1950ರ ಇಂಗ್ಲಿಷ್ ಕಾರು: ಉದ್ದ ಮೂತಿ, ಕಡ್ಡಿ ಚಕ್ರ, ತಗಡಿನೊಳಗೆ ಮರದ ಚೌಕಟ್ಟು. ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿದ್ದಂತೆ. ಇನ್ನೊಂದು 1962ರ ಜರ್ಮನ್ ಕಾರು, ಆಮೆಯ ಹಾಗೆ ದುಂಡಗೆ. ಇಂಜಿನ್ ಹಿಂದೆ, ರೇಡಿಯೇಟರೇ ಇಲ್ಲ, ಗಾಳಿಯಿಂದಲೇ ತಣಿಯುವಂಥದ್ದು. ಮೊದಲನೆಯದನ್ನು ಒಳ್ಳೆ ಬಡಗಿ ಮಾಡಿದ ಹಾಗಿತ್ತು, ಎರಡನೆಯದನ್ನು ಲೆಕ್ಕದ ಮೇಷ್ಟ್ರು.

ಚಾಸಿಸ್ ನಂಬರ್ ಅಂದರೆ ಗಾಡಿಯ ಹುಟ್ಟುಮಚ್ಚೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತು ತೆಗೆಯುವುದು ನಮ್ಮ ಪದ್ಧತಿ. ಜರ್ಮನ್ ಕಾರಿನಲ್ಲಿ ಒಂದೊಂದು ಅಂಕಿಯೂ ಮೂಡಿತು. ಇಂಗ್ಲಿಷ್ ಕಾರಿನಲ್ಲಿ ನಂಬರ್ ಇರಬೇಕಾದ ಹಿತ್ತಾಳೆ ಫಲಕದ ಮೇಲೆ ಉಜ್ಜಿದರೆ ಬರೀ ಕಪ್ಪು. ಫಲಕ ಕನ್ನಡಿಯಂತೆ ನುಣುಪು.

"ಯಾರ್ರೀ ಇದಕ್ಕೆ ಅರ ಹಾಕಿ ಉಜ್ಜಿದ್ದು?"

ರುದ್ರಪ್ಪ ಬಗ್ಗಿ ಫಲಕ ನೋಡಿದರು. "ಯಾರೂ ಮುಟ್ಟಿಲ್ಲ ಸ್ವಾಮಿ."

"ಮುಟ್ಟದೆ ಅಂಕಿ ಎದ್ದು ಹೋದ್ವಾ? ಗಾಡಿ ಸ್ಟೇಷನ್‌ಗೆ ಹೋಗುತ್ತೆ, ಜೊತೆಗೆ ನೀವೂ." ಅಷ್ಟು ಹೇಳಿ ವರದಿಯಲ್ಲಿ 'ನಂಬರ್ ಅಳಿಸಲಾಗಿದೆ' ಎಂದು ಬರೆದೂ ಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ಅವರ ತಾಯಿ ಗಂಗಮ್ಮ ಒಳಗೆ ಬಂದರು. "ಏನಪ್ಪಾ, ಅವನನ್ಯಾಕೆ ಗದರಿಸ್ತೀಯಾ? ಉಜ್ಜಿದ್ದು ನಾನು ಕಣಪ್ಪಾ. ಪ್ರತಿ ಆಯುಧಪೂಜೆಗೂ ದೇವರ ದೀಪ ತೊಳೆಯುವಾಗ ಇದನ್ನೂ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ತೀನಿ. ಕಿಲುಬು ಹಿಡಿದ ಹಿತ್ತಾಳೆಗೆ ವಿಭೂತಿ ಹಚ್ಚೋಕಾಯ್ತದಾ?"

"ಆ ಕಾರನ್ನ ಯಾಕಮ್ಮಾ ತಿಕ್ಕಲಿಲ್ಲ?"

"ಅದು ಹಿತ್ತಾಳೆ ಅಲ್ವಲ್ಲ! ಇನ್‌ಸ್ಪೆಕ್ಟ್ರಿಗೆ ಅಷ್ಟೂ ತಿಳಿಯಲ್ವಾ?"

ನನಗೆ ನಗು ಬರಲಿಲ್ಲ. ಉತ್ತರ ತೀರಾ ಸಲೀಸಾಗಿತ್ತು, ಕಲಿಸಿಟ್ಟ ಮಾತಿರಬಹುದು. ಭೂತಗನ್ನಡಿ ತೆಗೆದೆ. ಅರದ ಗೆರೆ ಒಂದೇ ದಿಕ್ಕಿಗೆ ಓಡುತ್ತದೆ. ಇಲ್ಲಿ ಸಣ್ಣ ಗೆರೆಗಳು ಸುತ್ತುಸುತ್ತಾಗಿದ್ದವು. ಫಲಕ ಕೂರಿಸಿದ ಮೊಳೆಗಳ ತಲೆಯೂ ಸವೆದಿತ್ತು. ಕಳ್ಳ ಮೊಳೆಯನ್ನು ಯಾಕೆ ಬೆಳಗುತ್ತಾನೆ?

ಆದರೂ ಆರ್.ಸಿ. ಪುಸ್ತಕದ ಗಾಡಿ ಇದೇ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಚಾಸಿಸ್ ಕಬ್ಬಿಣದ ಮೇಲೂ ನಂಬರ್ ಕೊರೆದಿರುತ್ತಿದ್ದರು. ಗಾಡಿಯ ಮುಂಭಾಗದ ಕೆಳಗೆ ಗೋಣಿ ಹಾಸಿ ಮಲಗಿ, ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ತುಕ್ಕಿನ ನಡುವೆ ಅಂಕಿಗಳು ಕಂಡವು. ನಾನು ಒಂದೊಂದನ್ನೇ ಕೂಗಿದೆ, ರುದ್ರಪ್ಪ ಆರ್.ಸಿ. ಪುಸ್ತಕ ಹಿಡಿದು "ಹೌದು" ಅನ್ನುತ್ತಾ ಬಂದರು. ಅವರ ಮೇಲೂ ನಂಬಿಕೆ ಸಾಲದೆ ಎದ್ದು ನಾನೇ ಓದಿದೆ. ಕೊನೆಯ ಅಂಕಿಯವರೆಗೂ ಸರಿಯಿತ್ತು.

ವರದಿಯ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಸಹಿ ಹಾಕಿದೆ.

ಅನುಮಾನ ಪಡುವುದು ನನ್ನ ನೌಕರಿ, ಅದಕ್ಕೆ ನಾಚಿಕೆಯಿಲ್ಲ. ಗಾಡಿಯ ಕೆಳಗೆ ಮಲಗುವ ಮೊದಲೇ ಪೆನ್ನು ತೆಗೆದೆನಲ್ಲ, ನಾಚಿಕೆ ಅದಕ್ಕೆ. ಅಲ್ಲಿಂದ ಮುಂದೆ ಅಂಗಿ ಕೊಳೆಯಾಗದೆ ನಾನು ಯಾರ ಮೇಲೂ ಒಂದು ಸಾಲು ಬರೆಯಲಿಲ್ಲ.